ಒಂಬತ್ತನೇ ತುಂಡು ಕೂಡಲಿಲ್ಲ

ಕೈಯಲ್ಲಿ ಸ್ಟಾಪ್‌ವಾಚ್ ಇದ್ದಾಗ ನಾನು ಅಷ್ಟೇನೂ ಒಳ್ಳೆಯವಳಲ್ಲ. ಎದುರಿಗೆ ಕೂತವರು ಉತ್ತರ ಹೇಳಲು ತಡ ಮಾಡಿದರೆ ಚಪ್ಪಲಿಯೊಳಗೆ ನನ್ನ ಕಾಲ್ಬೆರಳುಗಳು ಚಡಪಡಿಸತೊಡಗುತ್ತವೆ. ಮುಖದ ಮೇಲೆ ಮಾತ್ರ ತೋರಿಸುವುದಿಲ್ಲ, ಅಷ್ಟು ತರಬೇತಿ ಆಗಿದೆ. ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಾನು ಮನಃಶಾಸ್ತ್ರಜ್ಞೆ. ತಲೆಗೆ ಪೆಟ್ಟು ಬಿದ್ದವರಲ್ಲಿ, ಲಕ್ವ ಹೊಡೆದವರಲ್ಲಿ ನೆನಪು, ಗಮನ, ಯೋಚನೆಯ ಶಕ್ತಿ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡಿ ಎರಡು ಪುಟದ ವರದಿ ಬರೆದುಕೊಡುವುದು ನನ್ನ ಕೆಲಸ. ಒಬ್ಬ ಮನುಷ್ಯ ಮತ್ತೆ ತನ್ನ ಕೆಲಸಕ್ಕೆ ಹೋಗಬಹುದೋ ಇಲ್ಲವೋ ಎಂಬುದು ಎಷ್ಟೋ ಸಲ ಆ ಎರಡು ಪುಟದ ಮೇಲೆ ನಿಂತಿರುತ್ತದೆ. ಹಾಗೆ ಬರೆದು ಸಹಿ ಹಾಕಿದ ಒಂದು ವರದಿಯನ್ನು ನಾನೇ ಹಿಂದಕ್ಕೆ ಪಡೆದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಆ ದಿನ ಬಂದವರು ಕಮಲಾಪುರದ ಒಬ್ಬ ಫರಸಿ ಮೇಸ್ತ್ರಿ. ಫರಸಿ ಎಂದರೆ ನಮ್ಮ ಕಡೆ ನೆಲಕ್ಕೆ ಹಾಸುವ ಶಹಾಬಾದ ಕಲ್ಲು. ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಕೆಲಸ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ತಲೆಗೆ ಏಟಾಗಿತ್ತು. ಆಗಿ ಐದು ತಿಂಗಳು ಕಳೆದಿತ್ತು. ಗಾಯ ಮಾಗಿತ್ತು, ನಡೆಯುತ್ತಿದ್ದರು, ಮಾತೂ ಸರಿಯಾಗಿತ್ತು. ಆದರೆ ಅವರಿಗೆ ಕೆಲಸ ಕೊಡುತ್ತಿದ್ದ ಗುತ್ತೇದಾರ, ದವಾಖಾನೆಯಿಂದ ಬರೆಸಿಕೊಂಡು ಬಂದರೆ ಮಾತ್ರ ಕಲ್ಲು ಮುಟ್ಟಬೇಕು ಎಂದಿದ್ದನಂತೆ. ಐವತ್ತು ದಾಟಿದ ಮನುಷ್ಯ, ದೊಡ್ಡ ಕೈಗಳು, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಕಲ್ಲಿನ ಬಿಳಿ ಪುಡಿ. ಜೊತೆಗೆ ಹೆಂಡತಿ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಕೂರುವ ಮೊದಲು ಆಕೆ ನನಗೆ ಒಂದೇ ಮಾತು ಹೇಳಿದರು.

"ಮೇಡಂ, ಮನ್ಯಾಗ ಸುಮ್ನ ಕುಂತು ಕುಂತು ಊಟಾನೂ ಬಿಡ್ಲಾಕತ್ತಾರ್ರೀ. ಕೈಗಿ ಕೆಲಸ ಇಲ್ಲಂದ್ರ ಈ ಮನುಷ್ಯಾ ಉಳ್ಯಾಂಗಿಲ್ಲ. ನೋಡಿ ಬರೀರಿ."

ನೋಡಿಯೇ ಬರೆಯುತ್ತೇನೆ ಎಂದೆ. ಬೆಳಗ್ಗೆಯಿಂದ ಅದು ನನ್ನ ನಾಲ್ಕನೇ ಪರೀಕ್ಷೆ.

ಮೊದಲು ನೆನಪಿನ ಪರೀಕ್ಷೆ. ಹತ್ತು ಪದ ಓದಿ ಹೇಳಿದೆ. ಇಪ್ಪತ್ತು ನಿಮಿಷದ ಮೇಲೆ ಕೇಳಿದಾಗ ಎರಡೇ ಉಳಿದಿದ್ದವು. ಇದು ನಿಜವಾದ ಪೆಟ್ಟು, ಅನುಮಾನವಿರಲಿಲ್ಲ. ಆಮೇಲೆ ಬ್ಲಾಕುಗಳ ಪರೀಕ್ಷೆ. ಪೆಟ್ಟಿಗೆಯಲ್ಲಿ ಮರದ ಒಂಬತ್ತು ಪುಟ್ಟ ಘನಗಳಿರುತ್ತವೆ. ಕೆಲವು ಮುಖ ಕೆಂಪು, ಕೆಲವು ಬಿಳಿ, ಕೆಲವು ಮೂಲೆಯಿಂದ ಮೂಲೆಗೆ ಅರ್ಧರ್ಧ. ಒಂದು ಚಿತ್ರ ತೋರಿಸುತ್ತೇವೆ. ಅದರಂತೆ ಬ್ಲಾಕು ಜೋಡಿಸಬೇಕು, ಗೊತ್ತಾದ ಸಮಯದೊಳಗೆ. ಸುಲಭದ ಚಿತ್ರಗಳಿಗೆ ನಾಲ್ಕು ಬ್ಲಾಕು, ಕಠಿಣವಾದವಕ್ಕೆ ಒಂಬತ್ತು. ಎದುರಿನ ಸಮಸ್ಯೆಯನ್ನು ಬಿಡಿಸಿ ನೋಡಿ ಕಟ್ಟುವ ಬುದ್ಧಿ ಇದರಲ್ಲಿ ಕಾಣುತ್ತದೆ ಎಂಬುದು ನಮ್ಮ ಶಾಸ್ತ್ರದ ನಂಬಿಕೆ. ನನ್ನದೂ ಅದೇ.

"ಚಾಚಾ, ಚಿತ್ರದಾಗ ಹ್ಯಾಂಗದ ಹಂಗ ಜೋಡಸ್ರಿ. ಎಷ್ಟು ಲಗೂ ಆಗ್ತದ ಅಷ್ಟು ಲಗೂ."

"ಹ್ಞೂಂ ರೀ," ಎಂದರು. ಅಂದವರೇ ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರು.

ನಾನು ವಾಚ್ ಒತ್ತಿದ್ದೆ. ಅವರು ಚಿತ್ರ ನೋಡಿದರು. ಮೇಜು ನೋಡಿದರು. ಎಡಗಡೆ ಹಿಂದಕ್ಕೆ ತಿರುಗಿ ಬಾಗಿಲು ನೋಡಿದರು. ಸಾಮಾನ್ಯವಾಗಿ ಜನ ಬ್ಲಾಕನ್ನು ಎತ್ತಿ, ತಿರುಗಿಸಿ, ತಪ್ಪಿಟ್ಟು, ಮತ್ತೆ ತೆಗೆದು ಒದ್ದಾಡುತ್ತಾರೆ. ಇವರು ಮುಟ್ಟಲೇ ಇಲ್ಲ. ಸಮಯ ಮುಗಿಯಿತು. ಮುಗಿದ ಮೇಲೆ ಕೈ ಮುಂದೆ ಬಂತು. ಟಕ್ ಟಕ್ ಎಂದು ನಾಲ್ಕೇ ಸಲ ಇಟ್ಟರು, ಚಿತ್ರ ಸರಿಯಾಗಿ ಕೂತಿತ್ತು. ನಿಯಮದ ಪ್ರಕಾರ ಸಮಯ ಮೀರಿದರೆ ಸೊನ್ನೆ. ಸೊನ್ನೆ ಬರೆದೆ. ಎರಡನೆಯದಕ್ಕೂ ಹಾಗೇ ಆಯಿತು, ಮೂರನೆಯದಕ್ಕೂ ಹಾಗೇ.

ಒಂಬತ್ತು ಬ್ಲಾಕುಗಳ ಚಿತ್ರ ಬಂದಾಗ ಇನ್ನೊಂದು ವಿಚಿತ್ರ ಶುರುವಾಯಿತು. ಮೊದಲು ಒಂಬತ್ತನ್ನೂ ಒಂದೊಂದಾಗಿ ಹೆಬ್ಬೆರಳಿನಿಂದ ಸವರಿದರು. ಒಂದನ್ನು ಆಚೆ ಇಟ್ಟರು. ಉಳಿದ ಎಂಟನ್ನು ಜೋಡಿಸಿ ಕೈ ಕಟ್ಟಿ ಕೂತರು. ಅವರ ಎಡಗಡೆಯ ಕೆಳಮೂಲೆ ಖಾಲಿ.

"ಚಾಚಾ, ಇನ್ನೊಂದು ಉಳೀತಲ್ಲಾ."

"ಅದು ಬ್ಯಾರೆ ಅದರೀ. ಇದ್ರಾಗ ಕೂಡಲ್ಲ."

"ಎಲ್ಲಾ ಒಂದೇ ಅವ ಚಾಚಾ."

ಅವರು ನನ್ನ ಮುಖ ನೋಡಿದರು, ವಾದ ಮಾಡಲಿಲ್ಲ. "ನೀವು ಅಂತೀರಿ ಅಂದ್ರ ಇರಬೇಕ್ರೀ," ಎಂದರು. ಮುಂದಿನ ಎರಡು ಚಿತ್ರಕ್ಕೂ ಅದೇ ಒಂದು ಬ್ಲಾಕು ಆಚೆ, ಅದೇ ಎಡಮೂಲೆ ಖಾಲಿ.

ತಲೆಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಒಂದು ಪಕ್ಕದ ಕಡೆಗೆ ಗಮನವೇ ಹೋಗದಂತೆ ಆಗುತ್ತದೆ. ಕಣ್ಣು ಚೆನ್ನಾಗಿದ್ದರೂ ಎಡಗಡೆ ಇರುವುದು ಅವರ ಪಾಲಿಗೆ ಇಲ್ಲ. ಮೂರು ಸಲ ಎಡಮೂಲೆ ಖಾಲಿ ಬಿದ್ದದ್ದನ್ನು ಕಂಡು ನನ್ನ ತಲೆ ಆ ಉತ್ತರವನ್ನು ಥಟ್ಟನೆ ಹಿಡಿದುಕೊಂಡಿತು. ಅದನ್ನೇ ತಿಳಿಯಲು ಮಾಡುವ ಇನ್ನೊಂದು ಪರೀಕ್ಷೆ ಇದೆ, ಹಾಳೆಯ ತುಂಬ ಚದುರಿದ ಗೆರೆಗಳನ್ನು ಹೊಡೆದುಹಾಕುವುದು. ಅದರಲ್ಲಿ ಅವರು ಎಡಗಡೆಯ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ. ಆಗ ನಾನು ನಿಂತು ಯೋಚಿಸಬೇಕಿತ್ತು. ನಿಲ್ಲಲಿಲ್ಲ. 'ಸೌಮ್ಯ ಸ್ವರೂಪದ್ದು' ಎಂದು ಒಂದು ಮಾತು ಸೇರಿಸಿ ಎರಡನ್ನೂ ಹೊಂದಿಸಿಬಿಟ್ಟೆ. ಯೋಜಿಸುವ, ಸಮಸ್ಯೆ ಬಿಡಿಸುವ ಸಾಮರ್ಥ್ಯ ಗಣನೀಯವಾಗಿ ಕುಗ್ಗಿದೆ, ಎಡಭಾಗದ ಕಡೆ ಗಮನದ ಕೊರತೆಯ ಶಂಕೆ ಇದೆ, ಮೇಸ್ತ್ರಿ ಕೆಲಸಕ್ಕೆ ಮರಳುವುದು ಸೂಕ್ತವಲ್ಲ ಎಂದು ಬರೆದೆ. 'ಅದು ಬ್ಯಾರೆ ಅದರೀ, ಇದ್ರಾಗ ಕೂಡಲ್ಲ' ಎಂಬ ಅವರ ಮಾತನ್ನೂ ಅಕ್ಷರಶಃ ದಾಖಲಿಸಿದೆ, ಗೊಂದಲದ ಉದಾಹರಣೆಯಾಗಿ.

ಹತ್ತು ದಿನಕ್ಕೆ ಹೆಂಡತಿ ಒಬ್ಬರೇ ಬಂದರು. ವರದಿ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿಟ್ಟಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, ಕೂರಿ ಎಂದರೂ ಕೂರದೆ ನಿಂತರು.

"ನಂಗ ಓದ್ಲಾಕ ಬರಂಗಿಲ್ರೀ. ಗುತ್ತೇದಾರ ಓದಿ ಹೇಳ್ಯಾನ. ತಲಿ ಓಡಂಗಿಲ್ಲ ಅಂತ ಬರ್ದೀರಂತ."

"ಹಂಗಲ್ಲ ಚಾಚಿ, ಪರೀಕ್ಷಾದಾಗ ಬಂದದ್ದು ಬರ್ದೀನಿ."

"ನಿಮ್ಮ ಮೇಜಿನ ಮ್ಯಾಲ ಏನಾಯ್ತೋ ನಂಗ ಗೊತ್ತಿಲ್ರೀ. ನೆನಪು ಕಮ್ಮಿ ಆಗ್ಯಾದ, ಒಪ್ತೀನಿ. ಮುಂಜಾನಿ ಉಂಡಿದ್ದು ಮಧ್ಯಾಹ್ನ ಕೇಳಿದ್ರ ಹೇಳಂಗಿಲ್ಲ. ಆದ್ರ ತಲಿ ಹೋಗಿಲ್ರೀ. ಬರೋ ಐತಾರ ನಮ್ಮ ಪಡಸಾಲಿಗಿ ಫರಸಿ ಹಾಸಸ್ತೀನಿ. ಬಂದು ಕುಂತು ನೋಡ್ರಿ. ಆಮ್ಯಾಲನೂ ಹಿಂಗೇ ಬರೀತೀರಂದ್ರ ಬರೀರಿ, ನಾ ಏನೂ ಅನ್ನಂಗಿಲ್ಲ."

ನನಗೆ ಸಿಟ್ಟು ಬಂತು. ಸಹಿ ಹಾಕಿದ ವರದಿಯನ್ನು ಹೀಗೆ ಯಾರೂ ಮೇಜಿನ ಮೇಲೆ ವಾಪಸ್ ಇಟ್ಟಿರಲಿಲ್ಲ. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದು ಅವ್ವನ ಮುಂದೆ ಗೊಣಗಿದೆ. ಅವ್ವ ಕೊತ್ತಂಬರಿ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೀ ಸಣ್ಣಾಕಿ ಇದ್ದಾಗಿಂದ್ಲೂ ಹಂಗೇ ಇದ್ದಿ. ಪ್ರಶ್ನಿ ಪೂರಾ ಕೇಳೋದ್ರೊಳಗ ಉತ್ತರ ಹೇಳ್ತಿದ್ದಿ. ಸಾಲ್ಯಾಗ ಶಾಣ್ಯಾಕಿ ಅಂತಿದ್ರು. ಹೋಗಿ ನೋಡಿ ಬಾ, ಏನ್ ಕಳಕೋತಿ?"

ಭಾನುವಾರ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರಕ್ಕೆ ಇಳಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯ ಒಡಕು ಸಿಮೆಂಟನ್ನು ಚಾಚಿ ಆಗಲೇ ಅಗೆಸಿಹಾಕಿದ್ದರು. ಗೋಡೆಗೆ ಫರಸಿಗಳನ್ನು ಒರಗಿಸಿದ್ದರು, ಬೇರೆಬೇರೆ ಕೆಲಸಗಳಲ್ಲಿ ಉಳಿದ ಕಲ್ಲು.

"ಮೂವತ್ತು ವರ್ಷ ಊರ ಮಂದಿ ಮನಿಗೆಲ್ಲಾ ಹಾಸ್ಯಾರ. ನಮ್ಮ ಮನಿ ನೋಡ್ರಿ ಹ್ಯಾಂಗಿತ್ತು," ಎಂದು ಚಾಚಿ ನನಗೆ ಸ್ಟೂಲು ಹಾಕಿದರು.

ಚಾಚಾ ನನ್ನನ್ನು ನೋಡಿ ಸಲಾಂ ಮಾಡಿದರು. "ಯಾರು ಅಂತ ತಿಳೀಲಿಲ್ರೀ," ಎಂದರು.

"ಅಜೀ, ದವಾಖಾನೇಕೀ ಮೇಡಂ!" ಎಂದು ಚಾಚಿ ಕೂಗಿ ಹೇಳಿದರು. ಅವರು ತಲೆಯಾಡಿಸಿದರು, ಆದರೆ ನೆನಪಾದಂತೆ ಕಾಣಲಿಲ್ಲ.

ಆಮೇಲೆ ಅವರು ಬಾಗಿಲಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತರು. ಕೈ ಮೊಣಕಾಲಿನ ಮೇಲೆ. ಅಭ್ಯಾಸಬಲದಿಂದ ನಾನು ಗಡಿಯಾರ ನೋಡಿಕೊಂಡೆ. ಹನ್ನೊಂದು ನಿಮಿಷ ಅಲ್ಲಾಡಲಿಲ್ಲ. ಕಣ್ಣು ಮಾತ್ರ ಮೂಲೆಯಿಂದ ಮೂಲೆಗೆ ಹೋಗುತ್ತಿತ್ತು. ನನ್ನ ಕಾಲ್ಬೆರಳುಗಳು ಶುರು ಹಚ್ಚಿಕೊಂಡವು. ಹನ್ನೆರಡನೇ ನಿಮಿಷಕ್ಕೆ ಎದ್ದು ದಾರ ತೆಗೆದು, ಎದುರುಬದುರು ಮೂಲೆಗಳ ನಡುವೆ ಎರಡು ಸಲ ಹಿಡಿದು ನೋಡಿದರು.

"ನಾಕು ಬೊಟ್ಟು ಸೊಟ್ಟ ಅದರೀ ಪಡಸಾಲಿ," ಎಂದರು. ಕೂತಲ್ಲೇ ಕಂಡಿದ್ದನ್ನು ದಾರದಿಂದ ಖಾತ್ರಿ ಮಾಡಿಕೊಂಡಿದ್ದರು, ಅಷ್ಟೇ.

ನಾನು ತಡೆಯಲಾರದೆ ಕೇಳಿದೆ. "ಚಾಚಾ, ಇಷ್ಟೊತ್ತು ಕೂಡೋದ್ಯಾಕ? ಒಂದು ಕಲ್ಲು ಇಟ್ಟು ನೋಡಿ, ಕೂಡದಿದ್ರ ತೆಗೀಬಹುದಲ್ಲ?"

ಅವರಿಗೆ ನಗು ಬಂತು. "ಕಲ್ಲು ಇಡೋದು ಕೈ ಕೆಲಸ ರೀ. ಎಲ್ಲಿ ಇಡಬೇಕು ಅನ್ನೋದು ಮೊದ್ಲೇ ಮುಗೀಬೇಕು. ಒಮ್ಮಿ ಸಿಮೆಂಟಿನ ಮ್ಯಾಲ ಕುಂತಿತಂದ್ರ ಎಬ್ಬಸ್ಲಾಕ ಹೋದ್ರ ಒಡೀತದ. ಇಟ್ಟು ನೋಡೋ ಕೆಲಸಲ್ರೀ ಇದು."

ಇಟ್ಟು ನೋಡುವ ಕೆಲಸವಲ್ಲ. ನನ್ನ ಮೇಜಿನ ಮೇಲೆ ಬ್ಲಾಕನ್ನು ನೂರು ಸಲ ತಪ್ಪಿಟ್ಟರೂ ಏನೂ ಒಡೆಯುವುದಿಲ್ಲ. ಆದ್ದರಿಂದ ತಪ್ಪಿಟ್ಟು ತೆಗೆದು ಬೇಗ ಮುಗಿಸಿದವರು ಅಲ್ಲಿ ಜಾಣರು. ತಪ್ಪಿಟ್ಟರೆ ಒಡೆಯುವ ವಸ್ತುವಿನೊಡನೆ ಮೂವತ್ತು ವರ್ಷ ಬದುಕಿದವರು ಕೈಯನ್ನು ತೊಡೆಯ ಮೇಲಿಟ್ಟು ತಲೆಯಲ್ಲೇ ಹಾಸಿ ಮುಗಿಸುತ್ತಾರೆ. ಇದಕ್ಕೆ ನಾನು 'ಯೋಜಿಸುವ ಸಾಮರ್ಥ್ಯ ಕುಗ್ಗಿದೆ' ಎಂದು ಬರೆದಿದ್ದೆ!

ಕೆಲಸ ಬಾಗಿಲಿನ ಎದುರು ಮೂಲೆಯಿಂದ ಶುರುವಾಯಿತು. ಅಲ್ಲಿಂದಲೇ ಯಾಕೆ ಎಂದೆ. "ಬಾಗಲ ಕಡಿ ಕೊನೀಗಿ ರೀ. ಇಲ್ಲಂದ್ರ ನಾನೇ ಒಳಗ ಉಳೀತೀನಲ್ಲ," ಎಂದು ಮತ್ತೆ ನಕ್ಕರು. ನನ್ನ ಕೋಣೆಯಲ್ಲಿ ಬಾಗಿಲು ಅವರ ಎಡಕ್ಕೆ, ಹಿಂದೆ ಇತ್ತು. ಕೆಲಸ ಶುರು ಮಾಡುವ ಮೊದಲು ಅವರು ಅದನ್ನು ತಿರುಗಿ ನೋಡಿದ್ದರು. ಎಡಮೂಲೆ ಅವರ ಪಾಲಿಗೆ ಇಲ್ಲದ ಮೂಲೆಯಾಗಿರಲಿಲ್ಲ, ಕೊನೆಯ ಕಲ್ಲು ಬೀಳುವ ಮೂಲೆಯಾಗಿತ್ತು. ಆ ಕೊನೆಯದನ್ನು ಯಾಕೆ ಇಡಲಿಲ್ಲ ಎಂಬುದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ.

ನೆನಪಿನ ಪೆಟ್ಟೂ ಕಣ್ಣಿಗೆ ಬಿತ್ತು. ಗೋಡೆಯ ಪಕ್ಕ ಕೊರೆದು ಕೂಡಿಸಬೇಕಾದ ಕಲ್ಲಿಗೆ ಅಳತೆ ತೆಗೆದರು. "ಎರಡು ಗೇಣು, ಮೂರು ಬೊಟ್ಟು," ಎಂದು ಗಟ್ಟಿಯಾಗಿ ಹೇಳಿದರು. ಚಾಚಿ ಇದ್ದಿಲಿನಿಂದ ಗೋಡೆಯ ಮೇಲೆ ಎರಡು ಉದ್ದ ಗೆರೆ, ಮೂರು ಗಿಡ್ಡ ಗೆರೆ ಎಳೆದರು. ಕಲ್ಲು ತರುವಷ್ಟರಲ್ಲಿ ಅವರಿಗೆ ಮರೆತುಹೋಗಿತ್ತು. "ಎಷ್ಟಂದೆ?" ಎಂದರು. ಚಾಚಿ ಗೋಡೆ ನೋಡಿ ಹೇಳಿದರು. ಓದು ಬಾರದ ಹೆಂಗಸು ಗಂಡನ ತಲೆಯಲ್ಲಿ ಯಾವುದು ಹೋಗಿದೆ, ಯಾವುದು ಉಳಿದಿದೆ ಎಂಬುದನ್ನು ನನಗಿಂತ ನಿಖರವಾಗಿ ಬೇರ್ಪಡಿಸಿ, ಹೋದದ್ದಕ್ಕೆ ಉಪಾಯವನ್ನೂ ಕಂಡುಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಅದು ಬಂತು. ಒಂದು ಕಲ್ಲನ್ನು ಎತ್ತಿದರು, ಅಂಚನ್ನು ಹೆಬ್ಬೆರಳಿನಿಂದ ಸವರಿದರು, ಆಚೆ ಇಟ್ಟರು.

"ಯಾಕ ಚಾಚಾ?"

"ಬ್ಯಾರೆ ಅದರೀ. ಇದ್ರಾಗ ಕೂಡಲ್ಲ."

ಅದೇ ಮಾತು, ಅದೇ ದನಿ. ಎದ್ದು ಹೋಗಿ ಆ ಕಲ್ಲಿನ ಮೇಲೆ ಅಂಗೈ ಆಡಿಸಿದೆ. ಏನೂ ಗೊತ್ತಾಗಲಿಲ್ಲ. ಅವರು ಅದನ್ನು ಇನ್ನೊಂದು ಕಲ್ಲಿನ ಪಕ್ಕ ಇಟ್ಟು, "ಅಂಗೈಗಿ ಗೊತ್ತಾಗಲ್ರೀ, ಉಗುರು ಆಡಸ್ರಿ," ಎಂದರು. ಆಡಿಸಿದೆ. ಎರಡು ಕಲ್ಲು ಕೂಡುವಲ್ಲಿ ಉಗುರು ಟಕ್ಕೆಂದು ಸಿಕ್ಕಿಕೊಂಡಿತು; ಆ ಕಲ್ಲು ಕೂದಲೆಳೆಯಷ್ಟು ದಪ್ಪವಿತ್ತು.

ಅವರು ನನ್ನನ್ನೇ ನೋಡುತ್ತಿದ್ದರು. ಏನೋ ನೆನಪಾದಂತಿತ್ತು. "ಮೇಜಿನ ಮ್ಯಾಲೂ ಹಿಂತಾದೇ ಒಂದಿತ್ತಲ್ರೀ. ಕೆಂಪು ಕಟಗಿ ತುಂಡು. ಹೇಳಿದ್ನಲ್ರೀ ನಾ," ಎಂದರು. ನನ್ನ ಮುಖ ಮರೆತವರಿಗೆ ಆ ತುಂಡು ಮರೆತಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೋದೆ. ಒಂಬತ್ತು ಬ್ಲಾಕುಗಳನ್ನು ಸ್ಟೀಲ್ ಅಡಿಪಟ್ಟಿಗೆ ಒತ್ತಿ ಸಾಲಾಗಿ ಇಟ್ಟು ಉಗುರು ಆಡಿಸಿದೆ. ಏಳನೆಯದರ ಹತ್ತಿರ ಸಿಕ್ಕಿಕೊಂಡಿತು. ಒಂದು ಬ್ಲಾಕು ಉಳಿದವುಗಳಿಗಿಂತ ಪೋಸ್ಟ್‌ಕಾರ್ಡಿನ ದಪ್ಪದಷ್ಟು ದೊಡ್ಡದಿತ್ತು. ಕೈಯಲ್ಲಿ ಹಿಡಿದು ಕೂತಾಗ ಒಂದೊಂದಾಗಿ ನೆನಪಾಯಿತು. ಎಂಟು ವರ್ಷದ ಹಿಂದೆ ಒಂದು ಬ್ಲಾಕು ಕಳೆದುಹೋಗಿತ್ತು. ಹೊಸ ಪೆಟ್ಟಿಗೆ ತರಿಸಲು ತಿಂಗಳುಗಟ್ಟಲೆ ಕಾಗದ ಓಡಾಡಬೇಕೆಂದು, ಒಬ್ಬ ಬಡಗಿಯ ಹತ್ತಿರ ಒಂದನ್ನು ಮಾಡಿಸಿ, ಬಣ್ಣ ಹಚ್ಚಿ ಸೇರಿಸಿದ್ದು ನಾನೇ. ಎಷ್ಟು ಜಾಣೆ ನಾನು ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ. ಆಮೇಲೆ ಪೂರ್ತಿ ಮರೆತೆ. ಮರೆವಿನ ರೋಗಿ ಎಂದು ನಾನು ಬರೆದದ್ದು ಅವರ ಬಗ್ಗೆ.

ಈಗ ಏನು ಮಾಡುವುದು? ಸುಲಭದ ದಾರಿಯೊಂದು ಇತ್ತು. ಇನ್ನೊಮ್ಮೆ ಪರೀಕ್ಷೆ ಮಾಡಿ, 'ಈ ಅವಧಿಯಲ್ಲಿ ಸುಧಾರಣೆ ಕಂಡುಬಂದಿದೆ' ಎಂದು ಬರೆದರೆ ಚಾಚಾನಿಗೆ ಕೆಲಸ ಸಿಗುತ್ತಿತ್ತು, ನನ್ನ ಮರ್ಯಾದೆಯೂ ಉಳಿಯುತ್ತಿತ್ತು. ನಮ್ಮ ನರರೋಗದ ಹಿರಿಯ ವೈದ್ಯರು ಹೇಳಿದ್ದೂ ಅದನ್ನೇ. "ಸುಧಾರಣಾ ಅಂತ ಬರೀರಿ. ಅವರಿಗೂ ಛಲೋ, ನಿಮಗೂ ಛಲೋ. ಯಾರ್ ಕೇಳ್ತಾರ?"

ನಾನು ಅರ್ಧ ದಿನ ಅದರ ಸುತ್ತಲೇ ಸುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅವರಿಗೆ ಸುಧಾರಣೆ ಆಗಿರಲಿಲ್ಲ. ಆ ಬುದ್ಧಿ ಮೊದಲ ದಿನವೂ ಅಷ್ಟೇ ಇತ್ತು, ನನ್ನೆದುರಿಗೇ ಕೂತಿತ್ತು, ಬಾಯಿಬಿಟ್ಟು ಹೇಳಿಯೂ ಇತ್ತು. ಸುಧಾರಣೆ ಎಂದು ಬರೆದರೆ ಅವರು ಹೇಳಿದ ಸತ್ಯದ ಮಾತು ಗೊಂದಲವಾಗಿಯೇ ಕಡತದಲ್ಲಿ ಉಳಿಯುತ್ತಿತ್ತು. ಹಿಂದಿನ ವರದಿ ತಪ್ಪು, ತಪ್ಪಾದದ್ದು ನನ್ನಿಂದ, ಉಪಕರಣದಲ್ಲಿ ದೋಷವಿತ್ತು, ಆ ದೋಷವನ್ನು ಪತ್ತೆ ಹಚ್ಚಿದವರು ಪರೀಕ್ಷೆಗೆ ಒಳಗಾದ ವ್ಯಕ್ತಿಯೇ ಎಂದು ಬರೆದೆ. ಸಮಯದ ಮಿತಿ ಇಲ್ಲದ ಬೇರೆ ಪರೀಕ್ಷೆಗಳನ್ನು ಮಾಡಿ ಅಂಕ ಸೇರಿಸಿದೆ. ಯೋಜಿಸುವ ಶಕ್ತಿ ಉತ್ತಮ, ಗಮನದ ಕೊರತೆ ಇಲ್ಲ, ಹೊಸ ವಿಷಯದ ನೆನಪು ಮಾತ್ರ ದುರ್ಬಲ, ಅಳತೆಗಳನ್ನು ಆಗಿಂದಾಗ ಗೋಡೆಯ ಮೇಲೆ ಗುರುತು ಹಾಕುವ ಒಬ್ಬರು ಜೊತೆಗಿದ್ದರೆ ಮೇಸ್ತ್ರಿ ಕೆಲಸ ಮಾಡಬಹುದು ಎಂದು ಮುಗಿಸಿದೆ. ವೈದ್ಯರು ಓದಿ, ಕನ್ನಡಕ ತೆಗೆದು ಸಹಿ ಹಾಕಿದರು.

ಎಂಟು ವರ್ಷದ ಕಡತಗಳನ್ನೂ ತೆಗೆಸಿದೆ. ಅಷ್ಟು ಸಣ್ಣ ವ್ಯತ್ಯಾಸ ಹೆಚ್ಚಿನವರ ಕೈಗೆ ತಿಳಿದಿರಲಾರದು, ಆದರೆ ಯಾರ ಕೈಗೂ ತಿಳಿದಿಲ್ಲ ಎಂದು ನಾನು ಹೇಗೆ ಹೇಳಲಿ? ಒಬ್ಬ ಅಕ್ಕಸಾಲಿ, ಒಬ್ಬ ಬಡಗಿ, ಹೊಲಿಗೆ ಕೆಲಸದ ಒಬ್ಬ ಹೆಂಗಸು, ಮೂವರಿಗೆ ಮತ್ತೆ ಬರಲು ಕಾಗದ ಹಾಕಿದೆ.

ಗುತ್ತೇದಾರ ಒಪ್ಪಿಕೊಂಡ, ಮೊದಲು ಸಣ್ಣ ಕೋಣೆಗಳು ಎಂಬ ಷರತ್ತಿನ ಮೇಲೆ. ಮೊದಲ ವಾರ ಚಾಚಿ ತಾವೇ ಇದ್ದಿಲು ಹಿಡಿದು ಕಮಲಾಪುರದಿಂದ ಶರಣಸಿರಸಗಿಯವರೆಗೆ ದಿನಾ ಬಸ್ಸಿನಲ್ಲಿ ಬಂದು ಗೋಡೆಯ ಹತ್ತಿರ ಕೂತರಂತೆ. ಆಮೇಲೆ ಜೊತೆಯ ಕೆಲಸಗಾರರು ಕಲಿತರು.

ಮೂರು ತಿಂಗಳಿಗೆ ಇಬ್ಬರೂ ಮರುತಪಾಸಣೆಗೆ ಬಂದರು. ಚಾಚಾನ ಮುಖ ತುಂಬಿಕೊಂಡಿತ್ತು. ನಾನು ಯಾರೆಂದು ಈ ಸಲವೂ ಚಾಚಿ ಹೇಳಿಕೊಡಬೇಕಾಯಿತು. ಹೊಸ ಬ್ಲಾಕಿನ ಪೆಟ್ಟಿಗೆ ಬಂದಿತ್ತು. ಹಳೆಯದನ್ನು ನಾನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ಎದುರಿಗೆ ಯಾರಾದರೂ ತಡ ಮಾಡಿದಾಗ ನೋಡಿಕೊಳ್ಳಲು.

ಅವರ ಕಣ್ಣು ನೇರ ಅದರ ಮೇಲೆ ಬಿತ್ತು. ಕೇಳದೆಯೇ ಆ ದೊಡ್ಡ ತುಂಡನ್ನು ಆರಿಸಿ ತೆಗೆದರು. ಜೇಬಿನಿಂದ ಉಜ್ಜುವ ಕಲ್ಲಿನ ಚೂರೊಂದು ಬಂತು. ಕಿಟಕಿಯ ಕಟ್ಟೆಯ ಮೇಲಿಟ್ಟು ಉಜ್ಜಿದರು, ಹೆಬ್ಬೆರಳಿನಿಂದ ಸವರಿದರು, ಮತ್ತೆ ಉಜ್ಜಿದರು. ಹೊರಗೆ ಆರು ಜನ ಕಾಯುತ್ತಿದ್ದರು. ನಾನು ಸುಮ್ಮನೆ ಕೂತೆ. ನನಗೆ ಹಾಗೆ ಕೂರಲು ಬಂದದ್ದು ಈ ಮನುಷ್ಯನಿಂದ. ಚಾಚಾ, ನಿಮ್ಮ ಋಣ ದೊಡ್ಡದು ಎಂದು ಆ ಹೊತ್ತಿನಲ್ಲಿ ಹೇಳಬೇಕೆಂದಿದ್ದೆ, ಹೇಳಲಾಗಲಿಲ್ಲ. ಅದನ್ನು ಇಲ್ಲಿ ಬರೆದು ಹೇಳುತ್ತಿದ್ದೇನೆ.

ಒಂಬತ್ತನ್ನೂ ಅಡಿಪಟ್ಟಿಗೆ ಒತ್ತಿ ಸಾಲಾಗಿ ಇಟ್ಟು, ನಡುನಡುವೆ ಜಾಗ ಬದಲಿಸಿ, ನನ್ನ ಕಡೆ ತಳ್ಳಿದರು.

"ಕಣ್ಣು ಮುಚ್ರಿ ಮೇಡಂ. ಉಗುರು ಆಡಸಿ, ಯಾವ್ದು ಅಂತ ಹೇಳ್ರಿ."

ಕಣ್ಣು ಮುಚ್ಚಿದೆ. ಒಂದು ಸಲ ಆಡಿಸಿದೆ, ಎರಡು ಸಲ ಆಡಿಸಿದೆ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ಎಷ್ಟು ಟೈಮ್ ಕೊಡ್ತೀರಿ ಚಾಚಾ?" ಎಂದೆ.

"ಟೈಮ್ ಯಾಕ್ರೀ?" ಎಂದರು. "ಗೊತ್ತಾಗೋತನಾ ನೋಡ್ರಿ."